ನಿಲ್ಲದ ರೈಲಿಗೆ ಕಾದವನು

ಅಂದಿನ ಅನಾಹುತಕ್ಕೆಲ್ಲ ಮೂಲ ಒಂದು ಬೆಕ್ಕು. ಬೆಕ್ಕು ಏನೂ ಮಾಡಲಿಲ್ಲ, ಪಾಪ, ಅದರ ಪಾಡಿಗೆ ಅದು ಕಿಟಕಿಯಲ್ಲಿ ಮಲಗಿತ್ತು. ಆದರೆ ಮಧ್ಯಾಹ್ನ ಅದಕ್ಕೆ ಊಟ ಹಾಕುವವರು ಯಾರಾದರೂ ಬೇಕಿತ್ತು. ತಂಗಿಗೆ ಸೊಂಟದ ಆಪರೇಷನ್ ಎಂದು ಹೆಂಡತಿ ಇರ್ಮಾ ಒಹಾಯೊಗೆ ಹೋಗಿ ಐದು ದಿನವಾಗಿತ್ತು. ಹಾಗಾಗಿ ನಾರ್ಬರ್ಟ್ ಹವ್ಲಿಕ್ ಬೆಳಿಗ್ಗೆ ಒಂಬತ್ತಕ್ಕೆ ಮನೆಯ ಬೀಗದ ಕೈ ಹಿಡಿದುಕೊಂಡು ಪಕ್ಕದ ಮನೆಯ ಡೋರೀನ್ ಟಟಲ್‌ಳ ಬಾಗಿಲು ತಟ್ಟಿದ.

ಬಾಗಿಲು ತೆರೆದ ಡೋರೀನ್ ಅವನನ್ನು ಬೂಟಿನಿಂದ ಹಿಡಿದು ತಲೆಯವರೆಗೆ ನೋಡಿದಳು. ನೋಡುವಂತೆಯೇ ಇದ್ದ ಅವನು. ನಿವೃತ್ತನಾದ ಮೂರು ವರ್ಷದಿಂದ ಮೊಣಕೈ ಹರಿದ ಒಂದೇ ಸ್ವೆಟರಿನಲ್ಲಿ ಊರೆಲ್ಲ ತಿರುಗುತ್ತಿದ್ದ ಮನುಷ್ಯ, ಇವತ್ತು ಬೂದು ಸೂಟು, ನೀಲಿ ಟೈ, ಮುಖ ಕಾಣುವಷ್ಟು ಪಾಲಿಶ್ ಹಚ್ಚಿದ ಬೂಟು ಹಾಕಿ ನಿಂತಿದ್ದ.

"ಮಧ್ಯಾಹ್ನ ನಾನು ಬರದೇ ಹೋದ್ರೆ ಬೆಕ್ಕಿಗೆ ಒಂದಿಷ್ಟು ಹಾಕ್ಬಿಡಿ, ಡೋರೀನ್."

"ಎಲ್ಲಿಗೆ ಹೊರಟ್ಯಪ್ಪ, ಮದುವೆ ಗಂಡಿನ ಥರ?"

"ಕೂಪರ್ ಬೀದಿ ಗೇಟಿನ ಹತ್ರ. ರೈಲು ಹಳಿಗೆ." ನಾರ್ಬರ್ಟ್ ಹಿಂದಿನ ರಾತ್ರಿಯಿಂದ ತಡೆದುಕೊಂಡದ್ದನ್ನೆಲ್ಲ ಈಗ ಹೇಳಿಬಿಟ್ಟ. "ಮೂವತ್ತು ವರ್ಷ ದುಡಿದದ್ದು ಇವತ್ತಿಗೆ ಮುಗೀತು ನೋಡಿ. ಒಂದು ಮಾತು ಹೇಳೋರಿಲ್ಲ, ಕೇಳೋರಿಲ್ಲ. ವಯಸ್ಸಾಯ್ತು, ಇನ್ನು ಬೇಡ ಅಂತ ಯಾರೋ ತೀರ್ಮಾನ ಮಾಡ್ಬಿಟ್ರೆ ಆಯ್ತಲ್ಲ. ಮನುಷ್ಯತ್ವ ಅನ್ನೋದು ಇದೆಯಾ ಇವರಿಗೆ?"

ಇಷ್ಟು ಹೇಳಿ, ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, ಮೂಗು ಒರೆಸಿಕೊಂಡು ಹೊರಟೇಹೋದ. ಡೋರೀನ್ ಕೀಲಿಯನ್ನೂ ಅವನ ಬೆನ್ನನ್ನೂ ನೋಡುತ್ತ ಬಾಗಿಲಲ್ಲೇ ನಿಂತಳು.

ನಾರ್ಬರ್ಟ್ ಹೇಳಿದ್ದು ತನ್ನ ವಿಷಯವಲ್ಲ, ಒಂದು ಎರಡಂತಸ್ತಿನ ರೈಲು ಡಬ್ಬಿಯ ವಿಷಯ. ಅದರ ನಂಬರು ಏಳು ಸಾವಿರದ ಮುನ್ನೂರ ಹದಿನೆಂಟು. ಷಿಕಾಗೊದ ನಕ್ಷೆ ಮುದ್ರಣಾಲಯಕ್ಕೆ ಕೆಲಸಕ್ಕೆ ಹೋಗುತ್ತಿದ್ದ ಇಪ್ಪತ್ತೇಳು ವರ್ಷವೂ ಅವನು ತನ್ನೂರು ಹಾರ್ಲನ್ ಗ್ರೋವ್‌ನ ಸ್ಟೇಷನ್ನಿನಲ್ಲಿ ಏಳು ಹನ್ನೆರಡರ ಲೋಕಲ್ ಹತ್ತುತ್ತಿದ್ದ, ಆ ಡಬ್ಬಿ ಬಂದ ದಿನವೆಲ್ಲ ಅದರ ಮೇಲ್ಮಹಡಿಯ ಒಂಟಿ ಸೀಟಿನಲ್ಲೇ ಕೂರುತ್ತಿದ್ದ. ಆ ಸೀಟಿನಲ್ಲಿ ಕೂತವನಿಗೆ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಕೆಳಗೆ ಕೂತವರ ಬೊಕ್ಕತಲೆಗಳು ಮಾತ್ರ ಕಾಣುತ್ತವೆ. ಜೀವನದಲ್ಲಿ ಅವನು ಯಾರಿಗಾದರೂ ಮೇಲಿನವನಾಗಿದ್ದರೆ ಅದು ಆ ಸೀಟಿನಲ್ಲಿ ಮಾತ್ರ.

ಊರಿನಲ್ಲಿ ಕೆಲವರು ಹಕ್ಕಿ ನೋಡಲು ಹೋಗುತ್ತಾರೆ. ನಾರ್ಬರ್ಟ್ ರೈಲು ನೋಡಲು ಹೋಗುತ್ತಿದ್ದ. ಅದರಲ್ಲೂ ಜನ ತುಂಬಿಕೊಂಡು ಗಂಟೆಗೊಂದು ಬರುವ ರೈಲಲ್ಲ. ಅದನ್ನು ಯಾರು ಬೇಕಾದರೂ ನೋಡುತ್ತಾರೆ. ಲೋಕಲ್ ರೈಲಿನ ಕಂಪನಿಯವರು ತಮ್ಮ ಎಂಜಿನ್ನು, ಡಬ್ಬಿಗಳನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ, ರಿಪೇರಿಗೋ ಮಾರಾಟಕ್ಕೋ ಗುಜರಿಗೋ ಖಾಲಿಯಾಗಿ ಎಳೆದುಕೊಂಡು ಹೋಗುತ್ತಾರಲ್ಲ, ಆ ಸಾಗಾಟದ ಮೇಲೆ ಅವನ ಕಣ್ಣು. ಅದು ಹಾಲಿನವನ ಹಾಗೆ ಹೊತ್ತಿಗೆ ಸರಿಯಾಗಿ ಬರುವಂಥದ್ದಲ್ಲ. ಮನೆ ಬಿಟ್ಟು ಓಡಿಹೋಗುವ ಪ್ರೇಮಿಗಳ ಹಾಗೆ ಹೇಳದೆ ಕೇಳದೆ ದಾಟಿಬಿಡುತ್ತದೆ. ಕಂಡವನು ಭಾಗ್ಯವಂತ.

ಇವತ್ತು ಏಳು ಸಾವಿರದ ಮುನ್ನೂರ ಹದಿನೆಂಟೂ ಸೇರಿ ಹಳೆಯ ನಾಲ್ಕು ಡಬ್ಬಿಗಳನ್ನು ಗುಜರಿಗೆ ಸಾಗಿಸುತ್ತಾರೆಂದು ಹಿಂದಿನ ರಾತ್ರಿ ಫೋನು ಮಾಡಿ ತಿಳಿಸಿದವನು ವೆಂಡೆಲ್ ಸ್ಟ್ರೌಡ್. ಷಿಕಾಗೊ ದಿಕ್ಕಿಗೆ ಎರಡು ಸ್ಟೇಷನ್ ಆಚೆ ಬರ್ವಿಕ್‌ನಲ್ಲಿರುವವನು, ಇದೇ ಹುಚ್ಚಿನವನು. ಸ್ನೇಹಿತ ಎಂದೂ ಹೇಳಬಹುದು, ಹಗೆ ಎಂದರೂ ತಪ್ಪಿಲ್ಲ. ಕಳೆದ ವರ್ಷ ರೈಲುಪ್ರಿಯರ ಸಂಘದ ಪತ್ರಿಕೆಯಲ್ಲಿ ನಾರ್ಬರ್ಟ್ ತೆಗೆದ ಫೋಟೊ ಅಚ್ಚಾದಾಗ ಅದರ ಕೆಳಗೆ ವೆಂಡೆಲ್ ಬರೆದದ್ದು ಹೀಗೆ: 'ಮಿತ್ರ ಹವ್ಲಿಕ್ ಅವರು ಸೆರೆಹಿಡಿದ ಸುಂದರವಾದ ಕಂಬ. ಹಿಂದೆ ರೈಲೂ ಇದೆ.' ಆ ಎರಡು ಸಾಲು ನಾರ್ಬರ್ಟ್‌ನ ಎದೆಯಲ್ಲಿ ಹನ್ನೊಂದು ತಿಂಗಳಿಂದ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದ್ದವು.

ಕೂಪರ್ ಬೀದಿಯ ರೈಲ್ವೆ ಗೇಟಿನ ಬಳಿ, ಹಳಿಯಿಂದ ಹದಿನೈದು ಅಡಿ ಈಚೆಗೆ, ಸುತ್ತಮುತ್ತ ಒಂದು ಕಂಬವೂ ಇಲ್ಲದ ಜಾಗ ನೋಡಿ ಅವನು ಮಡಿಸುವ ಕುರ್ಚಿ ಹಾಕಿಕೊಂಡು ಕೂತ. ಅಕ್ಟೋಬರಿನ ಬಿಸಿಲು ಬೆಣ್ಣೆಯಂತೆ ಹಳಿಯ ಮೇಲೆ ಬಿದ್ದಿತ್ತು. ಮಡಿಲಲ್ಲಿ ಕ್ಯಾಮರಾ, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು, ಹೊಟ್ಟೆಯಲ್ಲಿ ಸಿಟ್ಟು. ಇಷ್ಟು ವರ್ಷ ದುಡಿದ ಡಬ್ಬಿಗಳನ್ನು ಹೀಗೆ ಕಳ್ಳರಂತೆ ಸಾಗಹಾಕುತ್ತಾರಲ್ಲ, ಸ್ಟೇಷನ್ನಿನಲ್ಲಿ ನಿಲ್ಲಿಸಿ ಒಂದು ಹಾರ ಹಾಕಿದ್ದರೆ ಇವರ ಗಂಟು ಹೋಗುತ್ತಿತ್ತೆ? ಕಂಪನಿ ಗೌರವ ಕೊಡದಿದ್ದರೆ ಬೇಡ, ನಾನು ಕೊಡುತ್ತೇನೆ ಎಂದೇ ಅವನು ಆಫೀಸಿಗೆ ಹಾಕಿಕೊಂಡು ಹೋಗುತ್ತಿದ್ದ ಸೂಟು ಹಾಕಿಕೊಂಡು ಬಂದಿದ್ದ.

ಇತ್ತ ಡೋರೀನ್ ಒಹಾಯೊಗೆ ಫೋನು ಮಾಡಿದ್ದಳು.

"ಇರ್ಮಾ, ಗಾಬರಿ ಆಗ್ಬೇಡ. ನಿನ್ನ ಗಂಡ ರೈಲು ಹಳಿ ಹತ್ರ ಕೂತಿದಾನೆ. ಸೂಟು ಹಾಕ್ಕೊಂಡು."

"ಮೂವತ್ತು ವರ್ಷದಿಂದ ಕೂತಿದಾನೆ," ಎಂದಳು ಇರ್ಮಾ. "ಕೂತಿರ್ಲಿ ಬಿಡಿ."

"ಮನೆ ಕೀಲಿ ನನ್ನ ಕೈಗೆ ಕೊಟ್ಟು ಹೋದ ಕಣೇ."

"ಒಳ್ಳೇದೇ ಆಯ್ತಲ್ಲ. ಎಲ್ಲಾದ್ರೂ ಕಳಕೊಳ್ತಿದ್ದ. ನನ್ನ ತಂಗಿ ಕರೀತಿದಾಳೆ, ಇಡ್ತೀನಿ."

ಡೋರೀನ್ ಫೋನನ್ನು ಕೆಳಗಿಟ್ಟು, ಅಡುಗೆಮನೆಯ ಗೋಡೆಗೆ ಹೇಳಿದಳು: "ಅಲ್ಲಿಗೆ ಕಾರಣ ಗೊತ್ತಾಯ್ತು." ಆಮೇಲೆ ಕೋಟು ತೊಟ್ಟು ಇಗರ್ಜಿಗೆ ಹೋಗಿ, ನೆಲ ಗುಡಿಸುತ್ತಿದ್ದ ಪಾಸ್ಟರ್ ಎಂಗಲ್ ಅವರನ್ನು ಪೊರಕೆಯ ಸಮೇತ ಕಾರಿಗೆ ಹತ್ತಿಸಿದಳು.

ಪಾಸ್ಟರ್ ಎಂಗಲ್ ಮೃದು ಸ್ವಭಾವದವರು. ಹೆಣದ ಪೆಟ್ಟಿಗೆಯ ಪಕ್ಕದಲ್ಲಿ ಮಾತಾಡುವ ದನಿಯಲ್ಲೇ ಅವರು ಅಂಗಡಿಯಲ್ಲಿ ಬ್ರೆಡ್ಡನ್ನೂ ಕೇಳುತ್ತಿದ್ದರು. ಅದೇ ದನಿಯಲ್ಲಿ ನಾರ್ಬರ್ಟ್‌ನ ಹಿಂದೆ ನಿಂತು ಕೇಳಿದರು.

"ಏನು ಮಾಡ್ತಾ ಇದೀರಿ, ನಾರ್ಬರ್ಟ್?"

"ರೈಲಿಗೆ ಕಾಯ್ತಾ ಇದೀನಿ."

"ಇಲ್ಲಿ ರೈಲು ನಿಲ್ಲೋದಿಲ್ಲವಲ್ಲ."

"ನಿಲ್ಲೋ ರೈಲು ಕಟ್ಕೊಂಡು ನನಗೇನಾಗಬೇಕು, ಪಾಸ್ಟರ್? ನಿಲ್ಲದೆ ಹೋಗೋದೇ ಬೇಕು."

ಪಾಸ್ಟರು ಕೆಮ್ಮಿದರು. ಡೋರೀನ್ ಅವರ ಮೊಣಕೈಗೆ ತಿವಿದಳು.

"ಎಷ್ಟು ಹೊತ್ತಿಗೆ ಅಂದ್ಕೊಂಡಿದೀರಿ?"

"ಅದೇ ಗೊತ್ತಿಲ್ಲ. ಆದ್ರೆ ಇವತ್ತೇ. ಇವತ್ತು ತಪ್ಪಿದ್ರೆ ಇನ್ನಿಲ್ಲ."

"ಆ ಗಳಿಗೆ ನಮ್ಮ ಕೈಲಿಲ್ಲ, ನಾರ್ಬರ್ಟ್. ಅದು ಮೇಲಿರೋನ ಕೈಲಿದೆ."

"ಮೇಲಿರೋನ ಕೈಲೂ ಇಲ್ಲ. ಷಿಕಾಗೊದಲ್ಲಿ ಕೂತು ಸಿಗ್ನಲ್ ಹಾಕೋನ ಕೈಲಿದೆ," ಎಂದ ನಾರ್ಬರ್ಟ್, ಕಣ್ಣನ್ನು ಹಳಿಯಿಂದ ಕೀಳದೆ.

ಅಷ್ಟರಲ್ಲಿ ಹತ್ತೂಕಾಲರ ಲೋಕಲ್ಲಿಗೆ ಗಂಟೆ ಬಾರಿಸಿ ಗೇಟು ಬಿತ್ತು. ನಾರ್ಬರ್ಟ್ ಅಭ್ಯಾಸಬಲದಿಂದ ಎದ್ದು ನಿಂತ. ಎದ್ದದ್ದೇ ತಡ, ಪಾಸ್ಟರು ಹಿಂದಿನಿಂದ ಅವನ ಸೊಂಟ ತಬ್ಬಿಕೊಂಡರು, ಡೋರೀನ್ ಟೈ ಹಿಡಿದುಕೊಂಡಳು. ರೈಲು ಧಡಧಡನೆ ದಾಟಿ ಹೋಗುವವರೆಗೂ ಮೂವರೂ ಹಗ್ಗ ಜಗ್ಗುವವರಂತೆ ನಿಂತಿದ್ದರು. ಕಿಟಕಿಯಲ್ಲಿ ಕೂತಿದ್ದ ಒಬ್ಬ ಪ್ರಯಾಣಿಕ ಕೈ ಬೀಸಿದ.

"ಏನ್ರೀ ಇದು?" ನಾರ್ಬರ್ಟ್ ಟೈ ಬಿಡಿಸಿಕೊಂಡು ಕೆಂಪಗಾದ. "ಮರ್ಯಾದೆಯಾಗಿ ಕೂತಿರೋ ಮನುಷ್ಯನಿಗೆ ಬೀದೀಲಿ ಹೀಗಾ ಮಾಡೋದು? ಮೂವತ್ತು ವರ್ಷದಲ್ಲಿ ಹಳಿಗೆ ಹದಿನೈದು ಅಡಿಗಿಂತ ಹತ್ರ ಹೋದವನಲ್ಲ ನಾನು."

"ಅದಕ್ಕೇ ಹೇಳ್ತಿರೋದು, ಇವತ್ತೂ ಹೋಗ್ಬೇಡ," ಎಂದಳು ಡೋರೀನ್. ಅವಳ ಕಣ್ಣಲ್ಲಿ ನೀರಾಡಿತು. "ಇರ್ಮಾ ಹಾಗಂದ್ರೆ ಅನ್ಲಿ. ನಾವಿಲ್ವಾ ನಿನಗೆ?"

"ಇರ್ಮಾ ಏನಂದ್ಲು?"

"ಬೇಡ ಬಿಡು. ಈಗ ಅದನ್ನ ಕೇಳಿದ್ರೆ ನಿನಗೆ ಒಳ್ಳೇದಲ್ಲ."

ಹನ್ನೊಂದರ ಹೊತ್ತಿಗೆ ಕೂಪರ್ ಬೀದಿಯ ಅರ್ಧ ಜನ ಅಲ್ಲಿದ್ದರು. ಒಬ್ಬಳು ಟ್ಯೂನಾ ಮೀನು ಹಾಕಿ ಬೇಯಿಸಿದ ನೂಡಲ್ಸಿನ ದೊಡ್ಡ ಗಾಜಿನ ಬಟ್ಟಲನ್ನು ಅವನ ಮಡಿಲಿಗಿಟ್ಟಳು, ಅದರ ಬಿಸಿಗೆ ಕ್ಯಾಮರಾದ ಗಾಜು ಮಂಜಾಯಿತು. ಕ್ಷೌರಿಕನೊಬ್ಬ ತಾನೂ ತೊಂಬತ್ತೆಂಟನೇ ಇಸವಿಯಲ್ಲಿ ಇದೇ ಸ್ಥಿತಿಯಲ್ಲಿದ್ದೆ, ಆಮೇಲೆ ಚೆಂಡುರುಳಿಸುವ ಬೌಲಿಂಗ್ ಆಟ ಕಲಿತೆ ಎಂದು ಕಿವಿಯಲ್ಲಿ ಹೇಳಿಹೋದ. ಪ್ರತಿಯೊಬ್ಬರೂ ಬೆನ್ನು ತಟ್ಟುವವರೇ. ಇಷ್ಟು ದಿನ ಇವನು ಗೇಟಿನ ಬಳಿ ಕೂತರೆ 'ಬಂದ ನೋಡು ಸ್ಟೇಷನ್ ಮಾಸ್ಟರು' ಎಂದು ನಗುತ್ತಿದ್ದವರು ಇವತ್ತು ಮೈಸವರುವುದನ್ನು ಕಂಡು ನಾರ್ಬರ್ಟ್‌ನ ಪಿತ್ತ ನೆತ್ತಿಗೇರಿತು. ಕಾರಣ ಮಾತ್ರ ಹೊಳೆಯಲಿಲ್ಲ. ಸುತ್ತ ನಿಂತವರ ತಲೆಗಳ ಮಧ್ಯೆ ಹಳಿ ಕಾಣುವುದಿಲ್ಲವಲ್ಲ ಎಂಬುದೊಂದೇ ಅವನ ಚಿಂತೆ.

ಆಗ ಪೊಲೀಸ್ ಕಾರು ಬಂತು. ಇಳಿದವನು ಬೆನಿಟೆಜ್, ದಪ್ಪ ಮೀಸೆಯ ತರುಣ ಅಧಿಕಾರಿ. ಇಂಥ ಸಂದರ್ಭದಲ್ಲಿ ಹೇಗೆ ಮಾತಾಡಬೇಕೆಂದು ಅವನಿಗೆ ಹೋದ ತಿಂಗಳಷ್ಟೇ ಎರಡು ದಿನದ ತರಬೇತಿಯಾಗಿತ್ತು, ಪ್ರಯೋಗಿಸಲು ಇದೇ ಮೊದಲ ಅವಕಾಶ. ಅವನು ನಾರ್ಬರ್ಟ್‌ನ ಎದುರು ಮೊಣಕಾಲೂರಿ ಕೂತ.

"ಸರ್, ಇಡೀ ದಿನ ನಿಮ್ಮ ಮಾತು ಕೇಳೋಕೆ ನಾನು ತಯಾರಿದೀನಿ. ಮನೇಲಿ ನಿಮಗೆ ಯಾರಾದ್ರೂ ಕಾಯ್ತಾ ಇದಾರಾ?"

"ಬೆಕ್ಕು. ಅದಕ್ಕೂ ವ್ಯವಸ್ಥೆ ಮಾಡೇ ಬಂದಿದೀನಿ."

ಬೆನಿಟೆಜ್ ಪಾಸ್ಟರ ಮುಖ ನೋಡಿದ.

"ಈ ಕ್ಯಾಮರಾ ಯಾಕೆ, ಸರ್?"

"ಕೊನೇ ಫೋಟೊಗೆ. ಒಂದು ನೆನಪು ಅಂತ ಉಳೀಬೇಡ್ವಾ? ಆ ವೆಂಡೆಲ್ ನೋಡಿ ಹೊಟ್ಟೆ ಉರ್ಕೋಬೇಕು."

"ವೆಂಡೆಲ್ ಅಂದ್ರೆ?" ಬೆನಿಟೆಜ್ ಡೋರೀನ್ ಕಡೆ ತಿರುಗಿ ಪಿಸುಗುಟ್ಟಿದ. ಡೋರೀನ್‌ಗೂ ಗೊತ್ತಿರಲಿಲ್ಲ. ಆದರೆ ಇರ್ಮಾಳ ಫೋನಿನ ದನಿ ನೆನೆದು ಅವಳು ತಲೆ ತಗ್ಗಿಸಿದಳು. ಇರ್ಮಾ ಮನೆ ಬಿಟ್ಟು ಹೋದದ್ದು ಯಾಕೆಂದು ಅಷ್ಟರಿಂದಲೇ ಬೀದಿಗೆಲ್ಲ ಅರ್ಥವಾಯಿತು.

ನಾರ್ಬರ್ಟ್‌ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಡಬ್ಬಿಗಳು ಷಿಕಾಗೊ ಬಿಟ್ಟವೆಂದು ವೆಂಡೆಲ್‌ನ ಸಂದೇಶ. ಅವನ ಮುಖ ಒಮ್ಮೆಲೇ ಬೆಳಗಿತು. ಬಟ್ಟಲನ್ನು ಪಕ್ಕಕ್ಕಿಟ್ಟು, ಟೈ ಸರಿಮಾಡಿಕೊಂಡು ಎದ್ದು ನಿಂತು, ಕೈ ಮುಗಿಯುವುದೊಂದು ಬಾಕಿ ಎನ್ನುವಂತೆ ಎಲ್ಲರನ್ನೂ ಬೇಡಿಕೊಂಡ.

"ಹೊರಟಿದೆಯಂತೆ. ನಿಮ್ಮ ದಮ್ಮಯ್ಯ, ಎಲ್ಲರೂ ಸ್ವಲ್ಪ ದಾರಿ ಬಿಡಿ. ಇನ್ನು ಅರ್ಧ ಗಂಟೆ ನನ್ನ ಪಾಡಿಗೆ ನನ್ನ ಬಿಟ್ಬಿಡಿ. ಆಮೇಲೆ ನಿಮಗೆ ಯಾರಿಗೂ ನನ್ನಿಂದ ತೊಂದರೆ ಇಲ್ಲ."

ಡೋರೀನ್ ಬಿಕ್ಕಿದಳು. ಬೆನಿಟೆಜ್ ನಿಧಾನವಾಗಿ ಕಾರಿನ ಮರೆಗೆ ಹೋಗಿ ವೈರ್‌ಲೆಸ್ಸಿನಲ್ಲಿ ಏನೋ ಹೇಳಿದ.

ಐದು ನಿಮಿಷವಾಗಿರಬಹುದು. ಗೇಟಿನ ಆಚೆ, ಹಳಿಯ ಮೇಲೆ ಹಸಿರಾಗಿ ಉರಿಯುತ್ತಿದ್ದ ಸಿಗ್ನಲ್ ದೀಪ ಪಟ್ಟನೆ ಕೆಂಪಾಯಿತು. ಈಚೆ ದಿಕ್ಕಿನದೂ ಕೆಂಪಾಯಿತು. ಅಲ್ಲಿದ್ದ ನಲವತ್ತು ಜನರಲ್ಲಿ ಅದನ್ನು ಗಮನಿಸಿದವನು ನಾರ್ಬರ್ಟ್ ಒಬ್ಬನೇ.

"ಕೆಂಪು ಯಾಕಾಯ್ತು?" ಎಂದ. "ರೈಲು ನಿಲ್ಲಿಸಿದ್ದು ಯಾರು?"

"ನಾನೇ, ಸರ್," ಎಂದ ಬೆನಿಟೆಜ್, ಅವನ ಭುಜದ ಮೇಲೆ ಕೈಯಿಟ್ಟು. "ಈ ದಾರೀಲಿ ಎರಡೂ ಕಡೆಯಿಂದ ಒಂದು ರೈಲೂ ಬರಲ್ಲ. ನೀವೀಗ ಕ್ಷೇಮವಾಗಿದೀರಿ."

"ಕ್ಷೇಮವಾ?"

"ಹೌದು ಸರ್. ಬದುಕು ದೊಡ್ಡದು."

ನಾರ್ಬರ್ಟ್ ಅಧಿಕಾರಿಯನ್ನು ನೋಡಿದ. ಪಾಸ್ಟರನ್ನು ನೋಡಿದ. ಕರವಸ್ತ್ರ ಹಿಡಿದ ಡೋರೀನ್‌ಳನ್ನು, ಮೀನು ನೂಡಲ್ಸನ್ನು, ಕ್ಷೌರಿಕನನ್ನು ನೋಡಿದ. ಬೆಳಗಿನಿಂದ ಕೇಳಿದ ಒಂದೊಂದು ಮಾತೂ ಆಗ ಅವನ ತಲೆಯಲ್ಲಿ ಸಾಲಾಗಿ ಬಂದು ನಿಂತಿತು.

"ಸಾಯೋಕೆ ಬಂದಿದೀನಿ ಅಂದ್ಕೊಂಡ್ರಾ?" ಅವನ ದನಿ ಮೊದಲು ಇಳಿಯಿತು, ಆಮೇಲೆ ಏರುತ್ತ ಹೋಯಿತು. "ನಾನ್ಯಾಕ್ರೀ ಸಾಯ್ಲಿ? ಸಾಯ್ತಿರೋದು ಏಳು ಸಾವಿರದ ಮುನ್ನೂರ ಹದಿನೆಂಟು. ಅದನ್ನ ಕಳಿಸಿಕೊಡೋಕೆ ಬಂದವನು ನಾನು. ಸತ್ತವರ ಮನೆಗೆ ಬಂದವನನ್ನೇ ಹಿಡಿದು ಪೆಟ್ಟಿಗೇಲಿ ಮಲಗಿಸ್ತೀರಲ್ಲ, ಬುದ್ಧಿ ಇದೆಯೇನ್ರೀ ನಿಮಗೆ? ಡಬ್ಬಿ ಕಣ್ರೀ, ರೈಲು ಡಬ್ಬಿ. ದೀಪ ಹಸಿರು ಮಾಡ್ಸಿ ಮೊದಲು."

"ಎಲ್ಲರೂ ಹೀಗೇ ಅಂತಾರೆ," ಎಂದ ಕ್ಷೌರಿಕ, ತಿಳಿದವನಂತೆ.

"ಅತ್ತು ಬಿಡಿ, ನಾರ್ಬರ್ಟ್, ಹಗುರ ಆಗುತ್ತೆ," ಎಂದರು ಪಾಸ್ಟರು.

ನಾರ್ಬರ್ಟ್ ಅಳಲಿಲ್ಲ. ನೆಲದ ಮೇಲೆ ಕೂತುಬಿಟ್ಟ. ಅವರು ಅವನನ್ನು ಪೊಲೀಸ್ ಕಾರಿನಲ್ಲಿ ಮನೆಗೆ ಕರೆತಂದರು.

ಮನೆಯಲ್ಲಿ ಅವನು ಕೊನೆಯ ಅಸ್ತ್ರ ತೆಗೆದ. ಕಪಾಟು ತೆರೆದು, ತಾನು ಮೂವತ್ತು ವರ್ಷದಿಂದ ನೋಡಿದ ಪ್ರತಿಯೊಂದು ಎಂಜಿನ್ನು, ಡಬ್ಬಿಯ ನಂಬರು ಬರೆದಿಟ್ಟ ಇಪ್ಪತ್ತೆರಡು ನೋಟುಪುಸ್ತಕಗಳನ್ನು ಬೆನಿಟೆಜ್‌ನ ಮುಂದೆ ಸುರಿದ. "ನೋಡ್ರಿ. ಈಗ್ಲಾದ್ರೂ ನಂಬಿ. ಸುಮ್ನೆ ನೋಡೋಕೆ ಹೋಗೋನು ನಾನು."

ಬೆನಿಟೆಜ್ ಒಂದು ಪುಸ್ತಕ ತೆರೆದ. ಪುಟದ ತುಂಬ ಬರೀ ಅಂಕಿ. ಇನ್ನೊಂದು ಪುಟ, ಅಲ್ಲೂ ಅಂಕಿ. ಇನ್ನೊಂದು ಪುಸ್ತಕ, ಅಲ್ಲೂ ಅದೇ. ಕೆಲವು ಅಂಕಿಗಳ ಕೆಳಗೆ ಕೆಂಪು ಗೆರೆ.

"ಈ ಲೆಕ್ಕ ಎಲ್ಲ ಮುಗೀತಾ, ಸರ್?"

"ಎಲ್ಲಿ ಮುಗೀತು? ಇನ್ನೂ ನೂರಾ ನಲವತ್ತು ಬಾಕಿ ಇದೆ."

ಬೆನಿಟೆಜ್ ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. ಹೊರಗೆ ಬಂದು ಪಾಸ್ಟರಿಗೆ ಹೇಳಿದ: "ನಾವು ಅಂದ್ಕೊಂಡದ್ದಕ್ಕಿಂತ ಹೆಚ್ಚಾಗಿದೆ."

ಮೂರು ಗಂಟೆಗೆ ವೆಂಡೆಲ್‌ನ ಫೋನು ಬಂತು. ಅವನ ದನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು.

"ಸಿಕ್ತಾ ನಿನಗೆ? ಇಲ್ಲ ಅಲ್ವಾ? ಹೆಂಗೆ ಸಿಗುತ್ತೆ, ನಿಮ್ಮೂರಿಗೆ ಬರ್ಲೇ ಇಲ್ಲ. ಬರ್ವಿಕ್‌ನಲ್ಲಿ, ನಮ್ಮ ಅಡುಗೆಮನೆ ಕಿಟಕಿಗೆ ಸರಿಯಾಗಿ ತಂದು ನಿಲ್ಲಿಸಿದ್ರು ಮಾರಾಯ. ಐವತ್ತೆರಡು ನಿಮಿಷ. ಬಿಸಿಲು ಹಿಂದಿನಿಂದ, ಒಂದು ಕಂಬ ಅಡ್ಡ ಇಲ್ಲ. ನಾಲ್ಕೂ ಕಡೆಯಿಂದ ಫೋಟೊ ಹೊಡ್ದೆ. ಡ್ರೈವರ್ ಪಾಪ ಬೇಜಾರಾಗಿ ಕೆಳಗಿಳಿದಿದ್ದ, ಹತ್ತಿ ನೋಡ್ತೀರಾ ಅಂದ. ಏಳು ಸಾವಿರದ ಮುನ್ನೂರ ಹದಿನೆಂಟರ ಮೇಲ್ಮಹಡೀಲಿ ಕೂತು ಸ್ಯಾಂಡ್‌ವಿಚ್ ತಿಂದು ಬಂದೆ."

ನಾರ್ಬರ್ಟ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಆಮೇಲೆ?"

"ಆಮೇಲೇನು, ಹೊತ್ತು ಮೀರಿತು ಅಂತ ಗೂಡ್ಸ್ ಲೈನಿಗೆ ತಿರುಗಿಸಿ ಕಳಿಸಿದ್ರು. ನಿಮ್ಮೂರ ಗೇಟಲ್ಲಿ ಯಾವನೋ ತಲೆಕೆಟ್ಟೋನು ಹಳಿ ಪಕ್ಕ ಕೂತಿದ್ನಂತಲ್ಲ, ಅದಕ್ಕೇ ಎಲ್ಲ ನಿಲ್ಲಿಸಿದ್ದಂತೆ. ಯಾರು, ಗೊತ್ತಾ ನಿನಗೆ?"

"ಗೊತ್ತಿಲ್ಲ," ಎಂದ ನಾರ್ಬರ್ಟ್.

"ಸಿಕ್ಕಿದ್ರೆ ನನ್ನ ಹೆಸರು ಹೇಳಿ ಒಂದು ಬಿಯರ್ ಕುಡಿಸು. ಸಂಘದ ಪತ್ರಿಕೆಗೆ ಮುಖಪುಟ ಸಿಕ್ತು ಅವನಿಂದ."

ನಾರ್ಬರ್ಟ್ ಫೋನನ್ನು ಮೇಜಿನ ಮೇಲಿಟ್ಟು, ಸೂಟು ಬಿಚ್ಚದೆ ಸೋಫಾದ ಮೇಲೆ ಕೂತ. ಲೋಕ ಇಷ್ಟು ಅನ್ಯಾಯವಾಗಿ ನಡೆಯಲು ಸಾಧ್ಯವೇ ಎಂದು ಯೋಚಿಸುತ್ತ ಕೂತವನಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಬಾಗಿಲು ತೆರೆದ ಸದ್ದಾಯಿತು. ಬೀಗದ ಕೈ ಇನ್ನೂ ಡೋರೀನ್ ಬಳಿಯೇ ಇತ್ತು. ಅವಳ ಹಿಂದೆ ಪಾಸ್ಟರ್ ಎಂಗಲ್, ಅವರ ಹಿಂದೆ ಬೆನಿಟೆಜ್. ಮೂವರ ಮುಖದಲ್ಲೂ ಒಂದು ಒಳ್ಳೆಯ ಕೆಲಸ ಮುಗಿಸಿ ಬಂದವರ ಕಳೆಯಿತ್ತು.

"ಇನ್ನು ನೀನು ಯಾವುದಕ್ಕೂ ಹೆದರೋ ಹಾಗಿಲ್ಲ, ನಾರ್ಬರ್ಟ್," ಎಂದಳು ಡೋರೀನ್. "ನಾವು ರೈಲು ಕಂಪನಿಯವರ ಹತ್ರಾನೇ ಮಾತಾಡಿದ್ವಿ. ದಿನಾ ಓಡೋ ರೈಲು ನಿನಗೆ ಏನೂ ಮಾಡಲ್ಲ, ಈ ಖಾಲಿ ಡಬ್ಬಿ, ಎಂಜಿನ್ನು ಎಳ್ಕೊಂಡು ಹೋಗ್ತಾವಲ್ಲ, ಅವೇ ನಿನ್ನ ತಲೆ ಕೆಡಿಸೋದು ಅಂತ ಬೆನಿಟೆಜ್ ಅವರು ಅರ್ಥ ಮಾಡ್ಕೊಂಡ್ರು. ಪಾಪ ಕಂಪನಿಯವರು ಎಷ್ಟು ಒಳ್ಳೆಯವರು ಗೊತ್ತಾ. ವಿಷಯ ಹೇಳಿದ ಅರ್ಧ ಗಂಟೇಲಿ ಕಳಿಸಿಕೊಟ್ರು."

"ಏನನ್ನ?"

ಡೋರೀನ್ ಕೈಚೀಲದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. "ಇದೇ. ಮುಂದಿನ ಆರು ತಿಂಗಳು ನಮ್ಮೂರ ಮೇಲೆ ಅಂಥವು ಯಾವ್ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿಂದು ಹೋಗುತ್ತೆ ಅಂತ ಎಲ್ಲ ಬರ್ದಿದಾರೆ. ಆ ಹೊತ್ತಿಗೆ ನಿನ್ನನ್ನ ಮನೆ ಒಳಗೆ ಇಟ್ಕೊಳ್ಳೋಕೆ."

ನಾರ್ಬರ್ಟ್ ಎದ್ದು ನಿಂತ. ಆ ಪಟ್ಟಿಗಾಗಿ ಅವನು ಕಂಪನಿಗೆ ಬರೆದ ಕಾಗದಗಳು ಅರವತ್ತಕ್ಕೆ ಕಡಿಮೆಯಿಲ್ಲ. ವಿನಯದಿಂದ ಬರೆದಿದ್ದ, ಜಗಳವಾಡಿ ಬರೆದಿದ್ದ, ಒಮ್ಮೆ ಶಾಸಕರಿಂದಲೂ ಬರೆಸಿದ್ದ. ಪ್ರತಿ ಸಲವೂ ಒಂದೇ ಉತ್ತರ: ಅಂಥ ಪಟ್ಟಿಯನ್ನು ಹೊರಗಿನವರಿಗೆ ಕೊಡುವ ಪದ್ಧತಿ ಇಲ್ಲ.

"ಕೊಡಿ ಇಲ್ಲಿ," ಎಂದ. ಕೈ ಚಾಚಿದ.

ಡೋರೀನ್ ಒಂದು ಹೆಜ್ಜೆ ಹಿಂದೆ ಸರಿದಳು. ಬೆನಿಟೆಜ್ ಒಂದು ಹೆಜ್ಜೆ ಮುಂದೆ ಬಂದ.

"ಒಂದೇ ಒಂದು ಸಲ ನೋಡಿ ಕೊಟ್ಬಿಡ್ತೀನಿ, ಡೋರೀನ್. ನಿಮ್ಮ ಕಾಲಿಗೆ ಬೀಳ್ತೀನಿ."

"ನಿನ್ನ ಕಣ್ಣಿಗೆ ಮಾತ್ರ ಬೀಳಬಾರದು ಅಂತ ಬೆನಿಟೆಜ್ ಅವರು ಮಾತು ಕೊಟ್ಟು ತರಿಸಿದಾರೆ. ಸರದಿ ಹಾಕ್ಕೊಂಡಿದೀವಿ ಕಣಪ್ಪ, ಬೀದಿಯವರೆಲ್ಲ. ಮುಂದಿನ ವಾರ ಒಂದರಲ್ಲೇ ಹನ್ನೊಂದು ಇದೆ, ಹನ್ನೊಂದಕ್ಕೂ ಯಾರಾದ್ರೂ ಒಬ್ಬರು ನಿನ್ನ ಜೊತೆ ಒಳಗೆ ಕೂತಿರ್ತೀವಿ, ಪರದೆ ಹಾಕ್ಕೊಂಡು." ಅವಳು ಕಾಗದ ಬಿಡಿಸಿ ಕನ್ನಡಕ ಏರಿಸಿದಳು. "ನಾಳೆ ಬೆಳಿಗ್ಗೆ ಹತ್ತಕ್ಕೆ ನಂದೇ ಮೊದಲ ಸರದಿ. ಅದೇನೋ ತುಂಬ ಹಳೇ ಎಂಜಿನ್ನಂತೆ, ಈ ಕಡೆ ಬರ್ತಿರೋದು ಇದೇ ಮೊದಲ ಸಲ, ಇದೇ ಕೊನೇ ಸಲ ಅಂತ ಬರ್ದಿದಾರೆ. ನಂಬರು ನಾನೂರ..." ಎಂದವಳು ನಾರ್ಬರ್ಟ್‌ನ ಮುಖ ನೋಡಿ ತಟ್ಟನೆ ನಿಲ್ಲಿಸಿದಳು. ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿ, ಚೀಲದ ಬಾಯಿ ಬಿಗಿದಳು.

"ಬೇಡ ಬಿಡು," ಎಂದಳು ಪ್ರೀತಿಯಿಂದ. "ನಿನಗೆ ಯಾಕೆ ಆ ಚಿಂತೆ."